ಹಾಲು ಕೊಡದ ದನಕ್ಕೆ ಪಾಠ ಎಲ್ಲೈತೆ?

2022ರ ಜೂನ್ ತಿಂಗಳು. ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯ ಪ್ರೌಢಶಾಲೆಯಲ್ಲಿ ರೈತರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ದನಗಳ ಆರೋಗ್ಯದ ಬಗ್ಗೆ ನಾನು ಮಾಡಿದ ಮೊದಲ ಪಾಠ ಮುಕ್ಕಾಲು ಗಂಟೆ ನಡೆಯಿತು. ಗೋಡೆಯ ಮೇಲೆ ಒಂದಾದ ಮೇಲೊಂದು ಚಿತ್ರ ಬಿಟ್ಟೆ. ಕಪ್ಪು ಬಿಳುಪಿನ, ಹೆಚ್ಚು ಹಾಲು ಕೊಡುವ ಸೀಮೆ ತಳಿಯ ಎಚ್‌ಎಫ್ ಹಸು, ಅದರ ಕೆಚ್ಚಲು, ಕರೆಯುವ ಮೊದಲು ಮೊಲೆ ತೊಳೆಯುವ ಬಗೆ, ಕೆಚ್ಚಲು ಬಾವು ಕಂಡುಹಿಡಿಯುವುದು, ಲೀಟರಿಗೆ ಇಷ್ಟು ಹಿಂಡಿ ಎಂಬ ಲೆಕ್ಕ. ಹಿಂದುಗಡೆ ಗೋಡೆಗೆ ಒರಗಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತಿದ್ದ ಕಿಲಾರಿ ತಾತ ಎಲ್ಲ ಮುಗಿದ ಮೇಲೆ ಎದ್ದು ನಿಂತರು.

"ಡಾಕ್ಟ್ರೇ, ನೀವು ಹೇಳಿದ್ದೆಲ್ಲ ಸರಿಯಾಗೈತೆ. ಆದ್ರೆ ನಮ್ಮವು ಡೈರಿಗೆ ಹಾಲು ಹಾಕೋ ದನ ಅಲ್ಲ. ಹಾಲು ಕೊಡದ ದನಕ್ಕೆ ಪಾಠ ಎಲ್ಲೈತೆ?"

ಕೊಂಕಿನಿಂದ ಕೇಳಿದ್ದಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಒಂದು ಚಿತ್ರವೂ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಕಡೆ, ಭದ್ರಾ ಕಾಲುವೆ ನೀರು ಹರಿಯುವ ಊರಲ್ಲಿ. ನೆಲ್ಲುಹುಲ್ಲಿನ ಬಣವೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಬೆಳಗ್ಗೆ ಸಂಜೆ ಡೈರಿಯ ಕ್ಯಾನು. ಓದಿದ್ದೂ ಅದನ್ನೇ, ಕೆಲಸಕ್ಕೆ ಸೇರಿದ ಮೇಲೆ ಹೇಳಿಕೊಟ್ಟದ್ದೂ ಅದನ್ನೇ. ಈ ಹಟ್ಟಿಯದು ಬೇರೆಯೇ ಲೋಕ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸ ನಾಯಕ ಸಮುದಾಯದ ಹಟ್ಟಿಗಳಲ್ಲಿ ದೇವರ ಎತ್ತುಗಳ ಹಿಂಡು ಇರುತ್ತದೆ. ಎತ್ತು ಎಂದು ಕರೆದರೂ ಹಿಂಡಿನಲ್ಲಿ ಹಸು, ಕರು, ಹೋರಿ ಎಲ್ಲವೂ ಉಂಟು. ಅವನ್ನು ಮಾರುವುದಿಲ್ಲ, ಸತ್ತರೆ ಹೂಳುತ್ತಾರೆ. ನೋಡಿಕೊಳ್ಳುವವನೇ ಕಿಲಾರಿ. ಈ ಹಟ್ಟಿಯಲ್ಲಿ ಅಂಥವು ನೂರಾ ಮೂವತ್ತಾರು ಇದ್ದವು. ಮೂಗುದಾರ ಇಲ್ಲ, ಕಣ್ಣಿ ಇಲ್ಲ, ಕೊಟ್ಟಿಗೆ ಇಲ್ಲ. ರಾತ್ರಿ ಮುಳ್ಳುಬೇಲಿಯ ರೊಪ್ಪ, ಹಗಲು ಕಾವಲು ಎಂಬ ಹುಲ್ಲುಬಯಲು. ಮೈ ಮುಟ್ಟಿಸಿಕೊಳ್ಳದ ದನಕ್ಕೆ ಥರ್ಮಾಮೀಟರ್ ಇಡುವುದು ಹೇಗೆಂದು ನನಗೆ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಇದು ಆ ಒಂದು ಹಟ್ಟಿಯ ಮಾತಷ್ಟೇ ಅಲ್ಲ. ನಮ್ಮಲ್ಲಿ ರೈತರಿಗೆ ಕೊಡುವ ತರಬೇತಿ ಹೆಚ್ಚುಪಾಲು ಹಾಲಿನ ಬಕೆಟ್ಟಿನಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಉಳುವ ಎತ್ತು, ಬತ್ತಿದ ಹಸು, ಗಂಡುಕರು, ಬಯಲಲ್ಲಿ ಮೇಯುವ ನಾಟಿ ಹಿಂಡು ಇವೆಲ್ಲ ಆ ಪಾಠದ ಹೊರಗೇ ನಿಂತಿರುತ್ತವೆ. ಅದು ಅನ್ಯಾಯ ಎಂದು ನನಗೆ ಅನ್ನಿಸಿದ್ದು ತಾತನ ಪ್ರಶ್ನೆಯಾದ ಮೇಲೆ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಮಾಂಸದ ದನ ಸಾಕುವವರ ಕೈಪಿಡಿಗಳು. ಅಮೆರಿಕ, ಆಸ್ಟ್ರೇಲಿಯಾ ಕಡೆ ನೂರಾರು ದನ ವರ್ಷವಿಡೀ ಬಯಲಲ್ಲೇ ಇರುತ್ತವೆ, ಮನುಷ್ಯನ ಕೈ ಅವುಗಳ ಮೈ ಮೇಲೆ ಬೀಳುವುದು ವರ್ಷಕ್ಕೆ ಕೆಲವೇ ಸಲ. ಅಲ್ಲಿ ರೈತರಿಗೆ, ಶಾಲಾ ಮಕ್ಕಳಿಗೆ ಕಲಿಸುವುದೆಲ್ಲ ಅದಕ್ಕೆ ತಕ್ಕ ಹಾಗೆ: ಹಿಂಡನ್ನು ಬೆದರಿಸದೆ ಕೂಡಿಹಾಕುವುದು, ದೂರದಿಂದಲೇ ಕಾಯಿಲೆ ಗುರುತಿಸುವುದು, ಮೈಕಟ್ಟು ನೋಡಿ ಅಂಕ ಹಾಕುವುದು, ಸೂಜಿಯನ್ನು ಎಲ್ಲಿ ಚುಚ್ಚಬೇಕು ಎಲ್ಲಿ ಚುಚ್ಚಬಾರದು ಎಂಬುದು. ನಮ್ಮ ರಾಜ್ಯದಲ್ಲಿ 2020ರ ಕಾಯ್ದೆಯ ಪ್ರಕಾರ ದನಗಳ ವಧೆಗೆ ನಿಷೇಧವಿದೆ, ಮಾಂಸಕ್ಕೆಂದು ದನ ಸಾಕುವ ಮಾತೇ ಇಲ್ಲ. ದೇವರ ಎತ್ತಿನ ಹಟ್ಟಿಯಲ್ಲಿ ಆ ಮಾತು ಎತ್ತುವುದೂ ಸಲ್ಲದು. ಆದರೆ ಹಿಂಡು ಹಿಂಡೇ. ಭಯ, ಜ್ವರ, ಉಣ್ಣೆ, ಹುಳು ಎಲ್ಲಕ್ಕೂ ಒಂದೇ ಶಾಸ್ತ್ರ. ಆ ಪುಸ್ತಕಗಳಿಂದ ನಾನು ಕಲಿತೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಕಲಿಯುವ ಮೊದಲೇ ಒಂದು ತಪ್ಪು ಮಾಡಿಬಿಟ್ಟಿದ್ದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಜುಲೈ ಮೊದಲ ವಾರ ಕಾಲುಬಾಯಿ ಜ್ವರದ ಲಸಿಕೆ ಹಾಕಬೇಕಿತ್ತು. ಆರು ತಿಂಗಳಿಗೊಮ್ಮೆ ಹಾಕುವಂಥದ್ದು. ಐಸ್ ಪೆಟ್ಟಿಗೆಯಲ್ಲಿ ಎರಡರಿಂದ ಎಂಟು ಡಿಗ್ರಿಯೊಳಗೆ ಇಟ್ಟುಕೊಂಡು ಬಂದ ಬಾಟಲಿ ಬಿಸಿಲು ಏರುವುದರೊಳಗೆ ಖಾಲಿಯಾಗಬೇಕು. ನನಗೆ ಅವಸರ. ಹಟ್ಟಿಯ ಗಟ್ಟಿಮುಟ್ಟಾದ ಹುಡುಗರನ್ನು ಕರೆದು ಹಗ್ಗ ಕೊಟ್ಟು, ಒಂದೊಂದನ್ನೇ ಹಿಡಿದು ಕೆಡವಿ ಎಂದೆ. ತಾತ ಬೇಡವೆಂದು ತಲೆಯಾಡಿಸಿದರು. ನಾನು ಕೇಳಲಿಲ್ಲ. ಎಂಟನೆಯದೋ ಒಂಬತ್ತನೆಯದೋ ದನಕ್ಕೆ ಹಗ್ಗ ಬೀಳುತ್ತಿದ್ದಂತೆ ಇಡೀ ಹಿಂಡು ಒಂದು ಮೂಲೆಗೆ ನುಗ್ಗಿತು, ಮುಳ್ಳುಬೇಲಿ ಒರಗಿತು, ಹಿಂಡು ಹಾರಿ ಕಾವಲಿಗೆ ಓಡಿತು. ಬೇಲಿಯ ಬುಡದಲ್ಲಿ ಎಂಟು ತಿಂಗಳ ಒಂದು ಕಡಸು ಉಳಿಯಿತು. ಮುಂಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಬಿದಿರಿನ ಸೀಳು ಇಟ್ಟು, ಹತ್ತಿ ಸುತ್ತಿ, ಪ್ಲಾಸ್ಟರ್ ಕಟ್ಟಿದೆ. ಕಾಲು ಕೂಡಿತು, ಆದರೆ ಇವತ್ತಿಗೂ ಅದು ಸ್ವಲ್ಪ ಎಳೆದುಕೊಂಡೇ ನಡೆಯುತ್ತದೆ. ಆವತ್ತು ತಾತ ನನ್ನನ್ನು ಬೈಯಲಿಲ್ಲ. ಓಡಿಹೋದ ಹಿಂಡನ್ನು ಹುಡುಕಿಕೊಂಡು ಕೋಲು ಹಿಡಿದು ಹೊರಟರು, ರಾತ್ರಿ ಹನ್ನೊಂದಕ್ಕೆ ಬಂದರು. ಮಾರನೆಯ ಬೆಳಗ್ಗೆ ನಾನು ಹೋಗಿ ತಪ್ಪಾಯಿತು ಎಂದೆ. "ನಾಳೆ ಬರ್ರಿ, ಬೆಳಕು ಹರಿಯೋಕೆ ಮುಂಚೆ ಬರ್ರಿ. ಔಷಧಿ ತರಬ್ಯಾಡ್ರಿ, ಬರೀ ಕೈಲಿ ಬರ್ರಿ" ಎಂದರು.

ಪಾಠ ನಿಜವಾಗಿ ಶುರುವಾದದ್ದು ಅಲ್ಲಿಂದ. ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಹೇಳಿ ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳನ್ನೂ ಕರೆದುಕೊಂಡು ಹೋದೆ. ಐದೂವರೆ ಗಂಟೆ. ರೊಪ್ಪದ ಬಾಗಿಲಲ್ಲಿ ಎಲ್ಲರೂ ಕೆರ ಬಿಟ್ಟೆವು. ದೇವರ ಎತ್ತಿನ ರೊಪ್ಪದೊಳಗೆ ಕೆರ ಮೆಟ್ಟಿ ಹೋಗುವಂತಿಲ್ಲ. ಮೊದಲು ನನಗೆ ಮುಳ್ಳಿನ ಅಂಜಿಕೆ ಇತ್ತು. ಆಮೇಲೆ ಯೋಚಿಸಿದರೆ ಬೇರೆ ಊರಿನ ಕೊಟ್ಟಿಗೆಯ ಸಗಣಿಯನ್ನು ಬೂಟಿನಲ್ಲಿ ಹೊತ್ತು ತಂದು ಇಲ್ಲಿ ರೋಗ ಹಚ್ಚುವುದಕ್ಕಿಂತ ಈ ಕಟ್ಟಳೆ ಎಷ್ಟೋ ಮೇಲು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ನಮ್ಮಂಥವರು ಕಾಲು ತೊಳೆದು ಒಳಗೆ ಹೋಗಬೇಕೆಂಬ ಮಾತನ್ನು ಮಕ್ಕಳಿಗೆ ಆ ಬಾಗಿಲಲ್ಲೇ ಹೇಳಿದೆ.

ಅರ್ಧ ಗಂಟೆ ಯಾರೂ ಮಾತಾಡಕೂಡದು, ಬರೀ ನೋಡಬೇಕು. ಒಬ್ಬೊಬ್ಬರಿಗೂ ಹತ್ತು ಹತ್ತು ದನ ಹಂಚಿಕೊಟ್ಟಿದ್ದೆ. ಯಾವುದು ಮೆಲುಕು ಹಾಕುತ್ತಿದೆ, ಯಾವುದು ಇಲ್ಲ. ಎದ್ದ ಕೂಡಲೇ ಮೈ ಮುರಿಯಿತೋ ಇಲ್ಲವೋ. ಆರೋಗ್ಯವಾಗಿರುವ ದನ ಎದ್ದ ತಕ್ಷಣ ಬೆನ್ನು ಬಗ್ಗಿಸಿ ಒಮ್ಮೆ ಮೈ ಮುರಿಯುತ್ತದೆ. ಕಿವಿ ಆಡುತ್ತಿದೆಯೋ, ಜೋತುಬಿದ್ದಿದೆಯೋ. ಮುಸುಡಿಯ ಮೇಲೆ ಬೆವರ ಹನಿ ಇದೆಯೋ, ಒಣಗಿದೆಯೋ. ಹೊಟ್ಟೆಯ ಎಡಭಾಗದ ಕುಳಿ ತುಂಬಿದೆಯೋ, ಒಳಗೆ ಹೋಗಿದೆಯೋ. ಸಗಣಿ ಹೇಗೆ ಬಿತ್ತು. ಉಸಿರು ನಿಮಿಷಕ್ಕೆ ಎಷ್ಟು. ನೆರಳಲ್ಲಿ ಸುಮ್ಮನೆ ನಿಂತ ದನಕ್ಕೆ ಹದಿನೈದರಿಂದ ಮೂವತ್ತು ಸಹಜ. ಪಕ್ಕೆಲುಬು ಏರಿಳಿಯುವುದನ್ನು ಹತ್ತು ಹೆಜ್ಜೆ ದೂರದಿಂದಲೇ ಎಣಿಸಬಹುದು, ಮುಟ್ಟಬೇಕಿಲ್ಲ. ರೊಪ್ಪದ ಬಾಗಿಲು ತೆಗೆದಾಗ ಮೊದಲು ಹೊರಡುವುದು ಯಾವುದು, ಕೊನೆಗೆ ಉಳಿಯುವುದು ಯಾವುದು ಎಂಬುದನ್ನು ಬರೆಯಲು ಹೇಳಿದ್ದೆ. "ಕಡೇಗೆ ಹೊರಡೋ ದನ ಏನೋ ಹೇಳ್ತಾ ಇರ್ತೈತೆ, ಕಿವಿ ಕೊಡಬೇಕು" ಎನ್ನುವುದು ತಾತನ ಮಾತು. ನಾನು ಅದನ್ನು ಸ್ಟೆತಸ್ಕೋಪಿನಷ್ಟೇ ನಂಬುತ್ತೇನೆ.

ಆಮೇಲೆ ತಾತ ಗೆರೆಯ ಪಾಠ ಮಾಡಿದರು. ಪ್ರತಿ ದನಕ್ಕೂ ಸುತ್ತ ಒಂದು ಗೆರೆ ಇರುತ್ತದೆ, ಕಣ್ಣಿಗೆ ಕಾಣದು, ಅದರೊಳಗೆ ಕಾಲಿಟ್ಟರೆ ದನ ಸರಿಯುತ್ತದೆ, ಗೆರೆಯಿಂದ ಆಚೆ ಬಂದರೆ ನಿಲ್ಲುತ್ತದೆ. ಅವರು ತೋರಿಸಿದ್ದು ಒಂದು ಬಿಳಿ ಹೋರಿಯ ಮೇಲೆ. ಹದಿನೈದು ಹೆಜ್ಜೆ ಆಚೆಯಿಂದ ಓರೆಯಾಗಿ ನಡೆದರು. ಹೋರಿಯ ಹತ್ತಿರದ ಕಿವಿ ಅವರ ಕಡೆ ತಿರುಗಿತು. ಇನ್ನೊಂದು ಕಿವಿ ಮುಂದಕ್ಕೇ ಇತ್ತು. ಇನ್ನೆರಡು ಹೆಜ್ಜೆ. ಮೆಲುಕು ನಿಂತಿತು, ತಲೆ ಒಂದು ಗೇಣು ಮೇಲೆದ್ದಿತು. ತಾತ ಅಲ್ಲೇ ನಿಂತು ನೆಲ ನೋಡಿದರು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಹೋರಿ ಮತ್ತೆ ಮೆಲುಕು ಶುರು ಮಾಡಿದ ಮೇಲೆ ಅದರ ಹೆಗಲಿನ ಹಿಂದಕ್ಕೆ ಒಂದೇ ಹೆಜ್ಜೆ ಇಟ್ಟರು, ಅದು ಮುಂದಕ್ಕೆ ನಡೆಯಿತು. ಹೆಗಲಿನ ಮುಂದಕ್ಕೆ ಬಂದರು, ನಿಂತಿತು. ಕೋಲು ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ.

ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಟೆಂಪಲ್ ಗ್ರಾಂಡಿನ್ ಎಂಬ ಪ್ರಾಧ್ಯಾಪಕಿ ಮಾಂಸದ ದನಗಳ ಹಿಂಡು ಹಾಯಿಸುವುದರ ಬಗ್ಗೆ ಚಿತ್ರ ಬರೆದು ಜಗತ್ತಿಗೆ ಕಲಿಸಿದ್ದು ಇದನ್ನೇ. ದನದ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನ 300 ಡಿಗ್ರಿಗೂ ಹೆಚ್ಚು ಅದಕ್ಕೆ ಕಾಣುತ್ತದೆ, ನೇರ ಹಿಂದೆ ಮಾತ್ರ ಕುರುಡು. ಅದಕ್ಕೇ ಹಿಂದಿನಿಂದ ಹೋದವನನ್ನು ಒದೆಯುತ್ತದೆ. ಅದರ ಹೆಗಲೇ ತಕ್ಕಡಿಯ ಮುಳ್ಳು. ಹಿಂದೆ ನಿಂತರೆ ಮುಂದೆ, ಮುಂದೆ ನಿಂತರೆ ಹಿಂದೆ. ಮಕ್ಕಳು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಒಬ್ಬ ದನವಾಗಿ ಒಬ್ಬ ಕಿಲಾರಿಯಾಗಿ ಅಭ್ಯಾಸ ಮಾಡಿದರು. ಹುಡುಗಿಯೊಬ್ಬಳು ದನವಾದವಳ ಕಣ್ಣಿನ ಪಕ್ಕಕ್ಕೆ ಎರಡೂ ಅಂಗೈ ಹಿಡಿದು "ನಿಂಗೆ ಇಲ್ಲಿಂದ ಇಲ್ಲೀತನ್ಕ ಕಾಣ್ತೈತೆ, ಗೊತ್ತಾಯ್ತಾ?" ಎಂದು ವಿವರಿಸುತ್ತಿದ್ದಳು. ನನಗೆ ಆ ಸಂತೋಷ ಇನ್ನೂ ನೆನಪಿದೆ.

ಆಗಸ್ಟಿನಲ್ಲಿ ಹಟ್ಟಿಯ ಹಿರಿಯರು ಕೂಡಿ ಒಂದು ತೀರ್ಮಾನಕ್ಕೆ ಬಂದರು. ರೊಪ್ಪದ ಒಂದು ಬದಿಯಲ್ಲಿ ಜಾಲಿ ಕಂಬ ನೆಟ್ಟು, ಅಗಲದಿಂದ ಕಿರಿದಾಗುತ್ತಾ ಹೋಗುವ ಒಂದು ಓಣಿ ಕಟ್ಟಿದರು. ನೇರ ಓಣಿ ಬೇಡ, ಸ್ವಲ್ಪ ಬಾಗಿರಲಿ ಎಂದಿದ್ದೆ. ಬಾಗಿದ್ದರೆ ಕೊನೆಯಲ್ಲಿ ನಿಂತ ಮನುಷ್ಯ ದನಕ್ಕೆ ಕಾಣುವುದಿಲ್ಲ, ತಾನು ಬಂದ ಕಡೆಗೇ ತಿರುಗಿ ಹೋಗುತ್ತಿದ್ದೇನೆ ಎಂದುಕೊಂಡು ನಡೆಯುತ್ತದೆ. ಎರಡೂ ಬದಿಗೆ ಗೋಣಿಚೀಲ ಕಟ್ಟಿ ಮರೆ ಮಾಡಿದೆವು. ಹೋದ ಸಲ ಬೆದರಿಸಿದ್ದು ಹಗ್ಗ ಮಾತ್ರವಲ್ಲ, ಬೇಲಿಯ ಮೇಲೆ ಯಾರೋ ಒಣಹಾಕಿದ್ದ ಹಳದಿ ಲುಂಗಿಯೂ ಹೌದು ಎಂದು ತಾತ ಆಮೇಲೆ ಹೇಳಿದರು. ಗಾಳಿಗೆ ಪಟಪಟ ಅನ್ನುವ ಯಾವುದನ್ನೂ ಓಣಿಯ ಹತ್ತಿರ ಬಿಡುವುದಿಲ್ಲ ಈಗ. ವಾರಗಟ್ಟಲೆ ಏನೂ ಮಾಡದೆ ಹಿಂಡನ್ನು ಬರೀ ಓಣಿಯಲ್ಲಿ ಹಾಯಿಸಿದೆವು. ಕೊನೆಯಲ್ಲಿ ಒಂದು ಹಿಡಿ ಶೇಂಗಾ ಹೊಟ್ಟು, ಒಂದು ಚಿಟಿಕೆ ಉಪ್ಪು. ಸೂಜಿ ಇಲ್ಲ.

ಸೂಜಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ತೊಡೆಗೆ, ಕುಂಡಿಗೆ ಚುಚ್ಚುವ ರೂಢಿ ಇನ್ನೂ ಇದೆ. ಮಾಂಸದ ದನ ಸಾಕುವವರು ಕುತ್ತಿಗೆಗೇ ಚುಚ್ಚಬೇಕೆಂದು ಹಟ ಹಿಡಿಯುತ್ತಾರೆ. ಅವರಿಗೆ ಮಾಂಸ ಕೆಡಬಾರದು. ನಮಗೆ ಕಾರಣ ಬೇರೆ. ಬಡಕಲು ದನದ ಕುಂಡಿಯಲ್ಲಿ ಸೂಜಿ ತಪ್ಪಿ ನರಕ್ಕೆ ತಗುಲಿದರೆ ಹಿಂಗಾಲು ಕುಂಟಾಗುತ್ತದೆ. ಉಳುವ ಎತ್ತು ಕುಂಟಾದರೆ ಆ ಮನೆಯ ಒಂದು ವರ್ಷದ ಬೇಸಾಯವೇ ಕುಂಟಾದಂತೆ.

ರೈತರ ತರಗತಿ ಬೇರೆ ನಡೆಯುತ್ತಿತ್ತು, ಸಂಜೆ, ದೇವಸ್ಥಾನದ ಕಟ್ಟೆಯ ಮೇಲೆ. ಅಲ್ಲಿ ನನಗೆ ಅತಿ ಮುಖ್ಯವಾಗಿ ಹೇಳಬೇಕಿದ್ದದ್ದು ಗೊಟ್ಟದ ಬಗ್ಗೆ, ಅಂದರೆ ದನದ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆಯ ಬಗ್ಗೆ. ಅದಕ್ಕೆ ನನ್ನ ಮನೆಯದೇ ಕಾರಣವಿದೆ. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಎತ್ತು ರಾತ್ರಿ ಕಣ್ಣಿ ಬಿಚ್ಚಿಕೊಂಡು ಕಣದಲ್ಲಿದ್ದ ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿತ್ತು. ಬೆಳಗ್ಗೆ ಹೊಟ್ಟೆ ಬಿಗಿದು, ಹಲ್ಲು ಕಡಿಯುತ್ತಾ ನಿಂತಿತ್ತು. ಅಪ್ಪ ಉಬ್ಬರ ಎಂದುಕೊಂಡು ಮೂಗುದಾರ ಜಗ್ಗಿ ಮುಸುಡಿಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆಳೆದು, ಬಿದಿರಿನ ಗೊಟ್ಟದಲ್ಲಿ ಶೇಂಗಾ ಎಣ್ಣೆ ಸುರಿದರು. ಎತ್ತು ಕೆಮ್ಮಿತು. ಅಪ್ಪ ಇನ್ನೂ ಒಂದು ಗೊಟ್ಟ ಹಾಕಿದರು. ಮೂರನೇ ದಿನ ಸತ್ತಿತು. ಎಷ್ಟೋ ವರ್ಷಗಳ ಮೇಲೆ ಪುಸ್ತಕ ಓದುವಾಗ ನನಗೆ ತಿಳಿಯಿತು: ಜೋಳದ ಹುಳಿ ಹೊಟ್ಟೆಯಲ್ಲಿ ಏರಿತ್ತು ನಿಜ, ಆದರೆ ಎಣ್ಣೆ ಶ್ವಾಸಕೋಶಕ್ಕೂ ಹೋಗಿತ್ತು. ಅಪ್ಪನಿಗೆ ನಾನು ಅದನ್ನು ಇವತ್ತಿನವರೆಗೂ ಹೇಳಿಲ್ಲ. ಅವರು ಆ ಎತ್ತನ್ನು ಉಳಿಸಲೆಂದೇ ಅಷ್ಟೆಲ್ಲ ಒದ್ದಾಡಿದ್ದು.

ಕಟ್ಟೆಯ ಮೇಲೆ ಕೂತವರಿಗೆ ಇದನ್ನು ಹೇಳಿದೆ. ಗೊಟ್ಟ ಬಿಸಾಡಿ ಎಂದು ಹೇಳಲಿಲ್ಲ. ಮುಸುಡಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ನಾಲಿಗೆ ಹಿಡಿದು ಎಳೆಯಬಾರದು, ಏಕೆಂದರೆ ನಾಲಿಗೆ ಆಡಿದರೆ ತಾನೇ ನುಂಗುವುದು. ಬಾಯಿಯ ಬದಿಯಿಂದ ಸ್ವಲ್ಪ ಸ್ವಲ್ಪ ಹಾಕಿ, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಮುಂದಿನ ಗುಟುಕು. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ. ಮಲಗಿದ ದನಕ್ಕೆ, ಪ್ರಜ್ಞೆ ತಪ್ಪಿದ ದನಕ್ಕೆ ಬಾಯಿಂದ ಏನನ್ನೂ ಹಾಕಬೇಡಿ, ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ನೀರು ತುಂಬಿದ ಗೊಟ್ಟ ಹಿಡಿದು ಒಬ್ಬೊಬ್ಬರೂ ತಮ್ಮ ತಮ್ಮ ಎತ್ತಿನ ಮೇಲೆ ಮಾಡಿ ತೋರಿಸುವವರೆಗೆ ಯಾರನ್ನೂ ಮನೆಗೆ ಕಳಿಸಲಿಲ್ಲ.

ಜಂತುಹುಳುವಿನ ಔಷಧಿಯಲ್ಲೂ ಒಂದು ತಪ್ಪು ಎಲ್ಲ ಕಡೆ ನಡೆಯುತ್ತದೆ. ದನದ ತೂಕವನ್ನು ಕಣ್ಣಂದಾಜಿನಲ್ಲಿ ಹೇಳಿ ಮೆಡಿಕಲ್ ಸ್ಟೋರಿನಿಂದ ಒಂದು ಮಾತ್ರೆ ತರುವುದು. ಔಷಧಿ ಸಾಲದೆ ಹೋದರೆ ಹುಳು ಸಾಯುವುದಿಲ್ಲ, ಅದಕ್ಕೆ ಪಳಗುತ್ತದೆ. ಮಕ್ಕಳಿಗೆ ದರ್ಜಿಯ ಟೇಪು ಕೊಟ್ಟೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ. ಹೆಗಲ ಮುಂತುದಿಯಿಂದ ಕುಂಡಿಯ ಮೂಳೆಯವರೆಗೆ ಉದ್ದ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಬರುತ್ತದೆ. ಒಬ್ಬ ಯಜಮಾನರು ತಮ್ಮ ಎತ್ತು ಇನ್ನೂರು ಕಿಲೋ ಇರಬಹುದು ಎಂದರು. ಅವರ ಮೊಮ್ಮಗಳೇ ಅಳೆದಳು. ಸುತ್ತಳತೆ 62, ಉದ್ದ 54. ಕಟ್ಟೆಯ ಕಲ್ಲಿನ ಮೇಲೆ ಇದ್ದಿಲಲ್ಲಿ ಲೆಕ್ಕ ಬರೆದು 314 ಎಂದಳು. ಯಜಮಾನರು ಇದ್ದಿಲ ಲೆಕ್ಕವನ್ನೇ ಬಹಳ ಹೊತ್ತು ನೋಡುತ್ತಾ ಕೂತರು. "ಅಂಗಾರೆ ಇಷ್ಟು ವರ್ಷ ಅದಕ್ಕೆ ಕಮ್ಮಿ ಔಷಧಿ ಕುಡಿಸೀನಿ" ಎಂದರು.

ಸೆಪ್ಟೆಂಬರಿನಲ್ಲಿ ಚರ್ಮಗಂಟು ರೋಗ ಬಂತು. ಆ ವರ್ಷ ರಾಜ್ಯದ ಉದ್ದಗಲಕ್ಕೂ ಅದರದೇ ಸುದ್ದಿ. ದನದ ಸಂತೆಗಳು ನಿಂತವು. ನಮ್ಮ ಹಿಂಡಿನಲ್ಲಿ ಮೊದಲು ಕಂಡುಹಿಡಿದದ್ದು ನಾನಲ್ಲ. ಒಂದು ಬೆಳಗ್ಗೆ ಆರೂಕಾಲಿಗೆ ಹುಡುಗನೊಬ್ಬ ಮೇಷ್ಟ್ರ ಫೋನಿನಿಂದ ಕರೆ ಮಾಡಿದ. "ಸಾರ್, ನನ್ನ ಪಾಲಿನ ಹತ್ತರಾಗೆ ಏಳನೇದು ಕಡೇಗೆ ಉಳೀತು. ಕಣ್ಣಾಗೆ ನೀರು ಐತೆ. ನಿನ್ನೆ ಮೆಲುಕು ಹಾಕಿತ್ತು, ಇವತ್ತಿಲ್ಲ." ಹೋಗಿ ಓಣಿಯಲ್ಲಿ ನಿಲ್ಲಿಸಿ ನೋಡಿದರೆ ಜ್ವರ 105. ದನದ ಸಹಜ ಶಾಖ 101.5ರ ಆಸುಪಾಸು. ಮೈ ಮೇಲೆ ಇನ್ನೂ ಒಂದು ಗಂಟೂ ಎದ್ದಿರಲಿಲ್ಲ. ಮುಂಗಾಲಿನ ಸಂದಿಯ ಗ್ರಂಥಿ ಮಾತ್ರ ಊದಿತ್ತು. ಮಾರನೆಯ ದಿನ ಕುತ್ತಿಗೆಯ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟುಗಳು ಎದ್ದವು.

ಆ ಒಂದು ದಿನ ಮುಂಚೆ ತಿಳಿದದ್ದರಿಂದ ಅದನ್ನು ಬೇರ್ಪಡಿಸಲು ಆಯಿತು. ಈ ರೋಗವನ್ನು ಹೊತ್ತು ತಿರುಗುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ. ಆಗ ಈ ರೋಗಕ್ಕೂ ಬಳಸುತ್ತಿದ್ದ ಮೇಕೆ ಸಿಡುಬಿನ ಲಸಿಕೆ ತಂದು ಜ್ವರ ಇಲ್ಲದ ಅಷ್ಟೂ ದನಗಳಿಗೆ ಓಣಿಯಲ್ಲೇ ಹಾಕಿದೆವು. ರೊಪ್ಪದ ಸುತ್ತ ಸಂಜೆ ಬೇವಿನ ಸೊಪ್ಪಿನ ಹೊಗೆ, ಗಾಯಕ್ಕೆ ಬೇವು ಅರಿಶಿನ ಅರೆದ ಎಣ್ಣೆ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲದ ಉಂಡೆಯನ್ನು ಹಟ್ಟಿಯ ಹೆಂಗಸರೇ ಕಟ್ಟಿ ತಂದರು. ಅದರಿಂದ ವೈರಸ್ ಸಾಯುತ್ತದೆ ಎಂದು ನಾನು ಹೇಳಲಿಲ್ಲ. ಮೇವು ಬಿಟ್ಟ ದನ ಮೆಲ್ಲಗೆ ಬಾಯಾಡಿಸಲು ಅದು ಆಸರೆಯಾಯಿತು. ನಂಜೇರಿದ ಗಾಯಗಳಿಗೆ ನಮ್ಮ ಔಷಧಿಯನ್ನೂ ಕೊಟ್ಟೆವು.

ನಿಜವಾದ ಕಷ್ಟ ಎರಡನೇ ವಾರದಲ್ಲಿ. ಲಸಿಕೆ ಹಾಕಿಸಿಕೊಂಡ ಆರು ದನಗಳಿಗೆ ಗಂಟು ಎದ್ದವು. ಸೂಜಿಯೇ ರೋಗ ತಂದಿತು ಎಂಬ ಮಾತು ಹಟ್ಟಿಯಲ್ಲಿ ಹರಡಿತು. ರೋಗ ಒಳಗೆ ಹೊಕ್ಕು ಹೊರಗೆ ಕಾಣಲು ಕೆಲವೊಮ್ಮೆ ನಾಲ್ಕು ವಾರ ಹಿಡಿಯುತ್ತದೆ, ಲಸಿಕೆ ಮೈಗೆ ಹತ್ತಲು ಎರಡು ಮೂರು ವಾರ ಬೇಕು. ಅಷ್ಟರೊಳಗೆ ರೋಗ ಮೊದಲೇ ಒಳಗಿದ್ದರೆ ಹೊರಬರುತ್ತದೆ. ನಾನು ಇದನ್ನು ಹಟ್ಟಿಯಲ್ಲಿ ಮೂರು ಸಲ ವಿವರಿಸಿದೆ, ಹಿರಿಯರು ತಲೆದೂಗಿದರೂ ನಂಬಲಿಲ್ಲ. ಕೊನೆಗೆ ಬಗೆಹರಿಸಿದ್ದು ಮಕ್ಕಳ ನೋಟ್‌ಬುಕ್. ದೇವರ ಎತ್ತಿನ ಕಿವಿಗೆ ಓಲೆ ಚುಚ್ಚಲು ಹಿರಿಯರು ಒಪ್ಪದ ಕಾರಣ ನಾವು ಬಣ್ಣ, ಕೊಂಬು, ಮಚ್ಚೆ ನೋಡಿ ಒಂದೊಂದಕ್ಕೂ ಹೆಸರಿಟ್ಟು ಪುಟ ತೆರೆದಿದ್ದೆವು. ಟೇಪು ಹಿಡಿದು ತೂಕ ಹೇಳಿದ್ದ ಆ ಹುಡುಗಿ ಆ ಆರರ ಪುಟ ತೆಗೆದು ಹಿರಿಯರ ಮುಂದೆ ಓದಿದಳು. ಆರರಲ್ಲಿ ಐದು, ಮೊದಲು ಕಾಯಿಲೆ ಬಿದ್ದ ಕರುವಿನ ಜೊತೆ ಒಂದೇ ಮೂಲೆಯಲ್ಲಿ ಮಲಗುತ್ತಿದ್ದವು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಮೂರು ಕರು, ಒಂದು ಮುದಿ ಹಸು ಹೋದವು. ಕಿಲಾರಿ ತಾತ ಪ್ರತಿಯೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಆಳದ ಗುಂಡಿ ತೆಗೆಸಿ ಸುಣ್ಣ ಹಾಕಿ ಹೂಳಿಸಿದರು. ಸತ್ತ ದನವನ್ನು ಕೊಯ್ಯದೆ ಹೂಳುವ ಈ ಪದ್ಧತಿ ಎಲ್ಲ ಊರುಗಳಲ್ಲಿ ಇದ್ದಿದ್ದರೆ ನೆರಡಿಯಂಥ (ಆಂಥ್ರಾಕ್ಸ್) ರೋಗಕ್ಕೆ ಎಷ್ಟೋ ಕಡಿವಾಣ ಬೀಳುತ್ತಿತ್ತು. ದಿಢೀರನೆ ಸತ್ತು ಮೂಗು ಬಾಯಲ್ಲಿ ಹೆಪ್ಪುಗಟ್ಟದ ರಕ್ತ ಬಂದ ದನದ ಹೊಟ್ಟೆ ಸೀಳಬಾರದು ಎಂದು ನಾನು ಬೇರೆ ಊರುಗಳಲ್ಲಿ ಗಂಟಲು ಹರಿದುಕೊಂಡು ಹೇಳುತ್ತೇನೆ. ಇಲ್ಲಿ ಹೇಳಬೇಕಾಗಿ ಬರಲಿಲ್ಲ.

ಉಳಿದ ಪಾಠಗಳು ಹೇಗೋ ಸಾಗಿದವು. ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಶೇಂಗಾ ಹೊಟ್ಟು ಹಾಕಬೇಡಿ ಎಂದದ್ದನ್ನು ಎಲ್ಲರೂ ಒಪ್ಪಿದರು, ಆದರೆ ಬರದಲ್ಲಿ ಬೇರೆ ಏನು ಹಾಕೋಣ ಎಂದು ಕೇಳಿದಾಗ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ನೀರಲ್ಲಿ ಕರಗಿಸಿ ಚಿಮುಕಿಸಿ ಮೂರು ವಾರ ಮುಚ್ಚಿಡುವ ಬಗೆ ತೋರಿಸಿದೆ. ನಮ್ಮ ದಾವಣಗೆರೆ ಕಡೆ ಅದು ಸುಲಭ, ನೆಲ್ಲುಹುಲ್ಲು ಬೇಕಾದಷ್ಟಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಉಪಚಾರ ಮಾಡಲು ಮೊದಲು ಹುಲ್ಲು ಬೇಕಲ್ಲ. ಕಾವಲುಗಳ ಎಷ್ಟೋ ನೆಲ ಬೇಲಿಯೊಳಗೆ ಸೇರಿದ ಮೇಲೆ ಮೇಯುವ ನೆಲವೂ ಕುಗ್ಗಿದೆ. ಈ ವಿಷಯದಲ್ಲಿ ತರಬೇತಿಯಿಂದ ಆಗುವುದು ಕಡಿಮೆ. ಅದನ್ನು ರೈತರ ಮುಂದೆ ಮುಚ್ಚಿಡದೆ ಹೇಳಿದೆ.

2023ರ ಜನವರಿಯಲ್ಲಿ ಮತ್ತೆ ಕಾಲುಬಾಯಿ ಲಸಿಕೆ. ಬೆಳಗ್ಗೆ ಆರಕ್ಕೆ ಶುರು ಮಾಡಿ ಎಂಟೂಮುಕ್ಕಾಲಿಗೆ ಮುಗಿಸಿದೆವು. ಒಂದು ಹಗ್ಗ ಬಳಸಲಿಲ್ಲ. ಕಾಲು ಎಳೆಯುವ ಆ ಕಡಸು ಓಣಿಯಲ್ಲಿ ಬಂದಾಗ ನಾನೇ ಸೂಜಿ ಹಾಕಿದೆ, ಕುತ್ತಿಗೆಯ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟಿದ್ದೆ.

ಫೆಬ್ರುವರಿಯ ಕೊನೆಗೆ ಮೇವು ನೀರು ಹುಡುಕಿಕೊಂಡು ತಾತ, ಇನ್ನಿಬ್ಬರು ಕಿಲಾರಿಗಳು ಹಿಂಡು ಹೊಡೆದುಕೊಂಡು ದೂರ ಹೊರಟರು. ನೋಟ್‌ಬುಕ್ ಜೊತೆಗೆ ಕಳಿಸೋಣವೆಂದರೆ ಮೂವರಿಗೂ ಬರೆಯಲು ಬಾರದು. ಹುಡುಗಿ ಒಂದು ಉಪಾಯ ಮಾಡಿದಳು. ನಾಲ್ಕು ಮೊಳದ ಪುಂಡಿನಾರಿನ ಹುರಿ ಕೊಟ್ಟು, ಯಾವ ದನಕ್ಕೆ ಏನೇ ಆದರೂ ಒಂದು ಗಂಟು ಹಾಕು ತಾತ, ಬಂದ ಮೇಲೆ ಬಾಯಲ್ಲಿ ಹೇಳು, ನಾನು ಬರ್ಕಂತೀನಿ ಎಂದಳು.

ಮುಂಗಾರು ಹಿಡಿದ ಮೇಲೆ ಹಿಂಡು ಮರಳಿತು. ಆ ಸಂಜೆ ನಾನೂ ಹೋಗಿದ್ದೆ. ಕಟ್ಟೆಯ ಮೇಲೆ ಲಾಟೀನು ಇಟ್ಟುಕೊಂಡು ತಾತ ಹುರಿ ಬಿಚ್ಚಿದರು. ಹತ್ತೊಂಬತ್ತು ಗಂಟು. ಒಂದೊಂದನ್ನೇ ಹೆಬ್ಬೆರಳಲ್ಲಿ ಸವರಿ ಹೇಳುತ್ತಾ ಹೋದರು. ಇದು ಕೊಂಬು ಮುರಿದದ್ದು. ಇದು ಎರಡು ದಿನ ಭೇದಿ. ಇದು ಕರು ಹಾಕಿದ್ದು, ಗಿಣ್ಣು ಹಾಲು ಅರ್ಧ ಗಂಟೆಯೊಳಗೆ ಕುಡಿಸಿದೆ, ಹೊಕ್ಕುಳಿಗೆ ನೀವು ಕೊಟ್ಟ ಕೆಂಪು ಔಷಧಿ ಹಚ್ಚಿದೆ. ಇದು ಬಳ್ಳಾರಿ ಜಾಲಿಯ ಕಾಯಿ ಜಾಸ್ತಿ ತಿಂದು ಹೊಟ್ಟೆ ಕಟ್ಟಿದ್ದು. ಹುಡುಗಿ ಆಯಾ ದನದ ಪುಟ ತೆಗೆದು ಬರೆಯುತ್ತಿದ್ದಳು. ಹದಿನಾಲ್ಕನೆಯ ಗಂಟಿಗೆ ಬಂದು ತಾತ ಸುಮ್ಮನಾದರು.

"ಇದು ಯಾವ ದನದ್ದು ತಾತ?"

"ಇದು ದನದ್ದಲ್ಲ ಕಣವ್ವ. ನನಗೇ ಮೂರು ದಿನ ಜ್ವರ ಬಂದಿತ್ತು. ಆ ಮೂರು ದಿನ ಕಡೇಗೆ ಉಳಿದಿದ್ದು ಯಾವುದು ಅಂತ ನಾನು ನೋಡಿಲ್ಲ. ಅದನ್ನೂ ಬರ್ಕೋ."

ಹುಡುಗಿ ಖಾಲಿ ಪುಟ ತೆಗೆದು ಮೇಲೆ ತಾತನ ಹೆಸರು ಬರೆದಳು. ಕೆಳಗೆ ಮೂರು ದಿನಗಳ ಲೆಕ್ಕ ಹಾಕಿ, ಹದಿನೈದನೆಯ ಗಂಟು ಯಾವುದೆಂದು ಕೇಳಿದಳು.